ಮುಖ ಬಿಟ್ಟು ಉಳಿದದ್ದು

ದುರ್ಗದಬೈಲಿನ ಸೀರೆ ಅಂಗಡಿಯಲ್ಲಿ ಏಂಜೆಲಿನಾ ಎಂಟು ವರ್ಷದಿಂದ ಸೀರೆ ಬಿಚ್ಚಿ ತೋರಿಸುತ್ತಿದ್ದಳು. ಅವಳಿಗೆ ಯಾರ ಮುಖವೂ ಗುರುತು ಹತ್ತುವುದಿಲ್ಲ ಎಂಬುದು ಆ ಅಂಗಡಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಕಣ್ಣುಗಳೇನೋ ಚೆನ್ನಾಗಿದ್ದವು. ಎದುರಿಗಿದ್ದವರ ಮೂಗು, ಹುಬ್ಬು, ತುಟಿ ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. ಆದರೆ ಅವರು ಆಚೆ ಹೋಗಿ ಮತ್ತೆ ಬಂದರೆ ಹೊಸಬರೇ. ಚಿಕ್ಕವಳಿದ್ದಾಗ ಒಂದು ಭಾನುವಾರ ಚರ್ಚಿನ ಬಾಗಿಲಲ್ಲಿ ತಾಯಿ ಡೋರಾ ಎಂದಿನ ಜಡೆಯ ಬದಲು ತುರುಬು ಕಟ್ಟಿಕೊಂಡು ನಿಂತಿದ್ದಳು. ಏಂಜೆಲಿನಾ ಪಕ್ಕದಲ್ಲಿದ್ದ ಬೇರೆ ಯಾರದೋ ಕೈ ಹಿಡಿದು ಮನೆಯ ಹಾದಿ ಹಿಡಿದಿದ್ದಳು. ಶಾಲೆಯ ಗೆಳತಿಯರು ದಾರಿಯಲ್ಲಿ ಸಿಕ್ಕರೆ ಇವಳು ಮಾತಾಡಿಸುತ್ತಿರಲಿಲ್ಲ. ಹಾಗಾಗಿ ಸೊಕ್ಕಿನವಳು ಎಂಬ ಹೆಸರು ಅಂಟಿಕೊಂಡಿತು. "ಯಾರ ಮುಂದೂ ಇದನ್ನ ಬಾಯಿ ಬಿಡಬ್ಯಾಡ. ನಾಳೆ ನಿನ್ನ ಲಗ್ನಕ್ಕ ಅಡ್ಡಿ ಆಗತೈತಿ," ಎಂದು ಡೋರಾ ತಾಕೀತು ಮಾಡಿದ್ದಳು.

ದೊಡ್ಡವಳಾದ ಮೇಲೆ ಅವಳೇ ಧಾರವಾಡಕ್ಕೆ ಹೋಗಿ ಮಿದುಳಿನ ಡಾಕ್ಟರನ್ನು ಕಂಡಳು. ಆ ಡಾಕ್ಟರಮ್ಮ ತಾಳ್ಮೆಯಿಂದ ತಿಳಿಸಿ ಹೇಳಿದರು. "ಮುಖ ಗುರುತು ಹಿಡಿಯೂ ಕೆಲಸಕ್ಕ ಮಿದುಳಿನ ತಳದಾಗ ಒಂದು ಜಾಗಾ ಐತಿ. ನಿಂದು ಹುಟ್ಟಿನಿಂದನ ಸರಿಯಾಗಿ ಕೆಲಸ ಮಾಡಾಕತ್ತಿಲ್ಲ. ಧ್ವನಿಗೆ, ನಡಿಗಿಗೆ ಬ್ಯಾರೆ ಹಾದಿ ಅದಾವ, ಅವು ನಿನಗ ಛಲೋನ ಅದಾವ. ಇದು ಸೊಕ್ಕೂ ಅಲ್ಲ, ಹುಚ್ಚೂ ಅಲ್ಲ."

"ಹಂಗಾರ ಉಳದವರು ಗುರುತು ತಪ್ಪಂಗೇ ಇಲ್ಲೇನ್ರಿ?"

ಡಾಕ್ಟರು ನಕ್ಕರು. "ಭಾಳ ತಪ್ಪತಾರ. ಯಾರರ ಮೊದಲ 'ಇಂವ ಕಳ್ಳ' ಅಂದುಬಿಟ್ರ, ಮಿದುಳು ಕಣ್ಣಿಗೆ ಕಳ್ಳನ್ನ ತೋರಸತೈತಿ."

ಅಂದಿನಿಂದ ಅವಳಿಗೆ ತನ್ನ ಮೇಲಿದ್ದ ಸಿಟ್ಟು ಕಡಿಮೆಯಾಯಿತು. ಆದರೂ ಬಾಯಿ ಬಿಡಲಿಲ್ಲ. ಗಿರಾಕಿಗಳನ್ನು ಬಳೆಯ ಸಪ್ಪಳದಿಂದ, ಕೆಮ್ಮಿನಿಂದ, ಮೆಟ್ಟಿಲು ಹತ್ತುವ ರೀತಿಯಿಂದ ಗುರುತಿಸಿ ಹೆಸರು ಹಿಡಿದು ಕರೆಯುತ್ತಿದ್ದಳು.

ದಸರೆಯ ಮುಂಚೆ ಅಂಗಡಿಯಿಂದ ಒಂದು ರೇಷ್ಮೆ ಸೀರೆ ಕಳುವಾಯಿತು. ಮಾಲೀಕ ಶಶಿಕಾಂತ ಕೂಡಲೇ ಮುಖ ಗುರುತು ಹಿಡಿಯುವ ಹೊಸ ಯಂತ್ರ ಹಾಕಿಸಿದ. "ಮನುಷ್ಯಾರ ಮಿದುಳಿನ ರೀತಿ ನೋಡೇ ಮಾಡಿದ್ದ್ರಿ ಇದು, ಒಮ್ಮೆ ನೋಡಿದ ಮುಖ ಮರಿಯಂಗಿಲ್ಲ," ಎಂದ ಕಂಪನಿಯವನು. ಹಳೆಯ ಕ್ಯಾಮೆರಾದಲ್ಲಿ ಸಿಕ್ಕ ಕಳ್ಳಿಯ ಮುಖವನ್ನು ಅದಕ್ಕೆ ಉಣಿಸಿದರು.

ವಾರ ಕಳೆದಿರಲಿಲ್ಲ. ಉಪ್ಪಿನಬೆಟಗೇರಿಯ ಹನುಮವ್ವ ಮೆಟ್ಟಿಲು ಹತ್ತಿದಳು. ಮೊದಲು ಬಲಗಾಲು, ಹಿಂದಿನಿಂದ ಎಡಗಾಲನ್ನು ಎಳೆದುಕೊಳ್ಳುವ ಸಪ್ಪಳ. ಏಂಜೆಲಿನಾ ತಲೆಯೆತ್ತದೆಯೇ "ಬರ್ರಿ ಹನುಮವ್ವಕ್ಕ" ಎಂದಳು. ಅಷ್ಟರಲ್ಲಿ ಯಂತ್ರ ಕಳಿಸಿದ ಎಚ್ಚರಿಕೆಗೆ ಶಶಿಕಾಂತನ ಮೊಬೈಲು ಕೂಗಿಕೊಂಡಿತು.

"ಅಕಿನ ಇಕಿ! ಬಾಗಲಾ ಹಾಕ್ರಿ!" ಎಂದು ಅವನು ಕೂಗಿದ.

ಗೋಡೆಯ ಟಿವಿಯ ಮೇಲೆ ಕಳ್ಳಿಯ ಫೋಟೋ ಬಂತು. ದುಂಡು ಮುಖ, ಮೂಗುತಿ, ತಲೆ ಮೇಲೆ ಸೆರಗು. ಗಿರಾಕಿಗಳು ಸೀರೆ ಬಿಟ್ಟು ಎದ್ದು ನಿಂತರು.

"ಹೌದ ನೋಡ್ರಿ, ಅವ ಕಣ್ಣು," ಎಂದಳು ಒಬ್ಬಳು.

"ಒಳಗ ಬಂದ ಕೂಡ್ಲೆ ನನಗ ಅನುಮಾನ ಬಂದಿತ್ತ್ರಿ," ಎಂದಳು ಇನ್ನೊಬ್ಬಳು.

ಹನುಮವ್ವನ ಕೈಚೀಲ ಕೆಳಗೆ ಬಿತ್ತು. "ಬಸುರಿ ಮಗಳ ಕುಬಸಕ್ಕ ಹಸರ ಸೀರಿ ಒಯ್ಯಾಕ ಬಂದೇನ್ರಿ ಯಪ್ಪಾ. ನಾ ಯಾಕ ಕದೀಲಿ?"

ಶಶಿಕಾಂತ ಪೊಲೀಸರಿಗೆ ಫೋನು ಹಚ್ಚಲು ಹೊರಟ. ಏಂಜೆಲಿನಾ ಸೀರೆ ಹರಡುವ ಗಾದಿಯಿಂದ ಇಳಿದು ಬಂದಳು.

"ತಡೀರಿ ಮಾಲಕ್ರ. ಫೋಟೋ ಬ್ಯಾಡ, ಪೂರಾ ವಿಡಿಯೋ ಹಚ್ಚರಿ."

"ನೀನ ಹೇಳ ಹಂಗಾರ. ಎಂಟು ವರ್ಷದಿಂದ ನೋಡಾಕತ್ತೀದಿ. ಇದು ಇಕಿ ಮುಖ ಹೌದೋ ಅಲ್ಲೋ?"

ಅಲ್ಲ ಎಂದುಬಿಟ್ಟಿದ್ದರೆ ಸುಲಭವಿತ್ತು. ಆ ಸುಳ್ಳು ನಾಲಿಗೆಯ ತುದಿಗೂ ಬಂತು. ಆದರೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವವರು ಅಲ್ಲಿ ಆಗಲೇ ಸಾಕಷ್ಟು ಮಂದಿ ಇದ್ದರು.

"ನನಗ ಗೊತ್ತಾಗಂಗಿಲ್ರಿ," ಎಂದಳು. "ನನಗ ಯಾರ ಮುಖಾನೂ ಗುರುತು ಹತ್ತಂಗಿಲ್ಲ. ನಿಮ್ಮದೂ ಹತ್ತಂಗಿಲ್ಲ. ಹುಟ್ಟಿನಿಂದ ನನ್ನ ಮಿದುಳು ಹಂಗನ ಐತಿ."

ಯಾರೋ ಕಿಸಕ್ಕೆಂದರು. ಶಶಿಕಾಂತ ಸಿಡುಕಿದ. "ಮುಖಾನ ಗೊತ್ತಾಗದಾಕಿ ಲಕ್ಷಗಟ್ಟಲೆ ಕೊಟ್ಟ ಯಂತ್ರಕ್ಕ ತಪ್ಪು ಅಂತೀಯೇನ?"

"ಅಂತೇನ್ರಿ. ಅದು ಮುಖಾ ಒಂದ ನೋಡಿ ಹೇಳಾಕತ್ತೈತಿ. ನೀವೆಲ್ಲಾ ಅದು ಹೇಳಿದ್ದು ಕೇಳಿ ಮುಖಾ ನೋಡಾಕತ್ತೀರಿ. ಕಾಲು ಯಾರೂ ನೋಡಿಲ್ಲ. ಹಚ್ಚರಿ ವಿಡಿಯೋ. ಹಚ್ಚೂತನಾ ನಾ ಈ ಬಾಗಲಾ ಬಿಟ್ಟು ಸರಿಯಂಗಿಲ್ಲ."

ಅವಳು ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಬರಲಾಗದ ಗಿರಾಕಿಗಳು ಹೊರಗೆ ನಿಂತು ಇಣುಕತೊಡಗಿದರು. ಶಶಿಕಾಂತ ಹಲ್ಲು ಕಡಿಯುತ್ತ ವಿಡಿಯೋ ಹಚ್ಚಿದ.

ಟಿವಿಯಲ್ಲಿ ಆ ಹೆಂಗಸು ಅಡ್ಡವಿದ್ದ ಸ್ಟೂಲನ್ನು ದಾಟಿ, ಗಾದಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಸೀರೆಯನ್ನು ಸೆರಗಿನೊಳಗೆ ಸೇರಿಸಿ ಸರಕ್ಕನೆ ಎದ್ದು ನಡೆದಳು.

"ಹನುಮವ್ವಕ್ಕ, ಒಮ್ಮೆ ಆ ಕಡೆತನಾ ನಡೀರಿ," ಎಂದಳು ಏಂಜೆಲಿನಾ.

ಹನುಮವ್ವ ನಡೆದಳು. ವರ್ಷಗಳಿಂದ ಮಂಡಿ ಬಾಗದ ಎಡಗಾಲು ನೆಲವನ್ನು ಗೀರಿಕೊಂಡು ಹಿಂದೆ ಬಂತು.

"ಹಂಗ ನೋಡಿದ್ರ ಕಣ್ಣೂ ಅಷ್ಟೇನ ಹೋಲಂಗಿಲ್ಲ ಬಿಡ್ರಿ," ಎಂದಳು ಮೊದಲು ಕಣ್ಣು ಗುರುತಿಸಿದವಳೇ.

ಶಶಿಕಾಂತ ಮೊಬೈಲನ್ನು ಕಿಸೆಗೆ ಹಾಕಿಕೊಂಡ. "ಆತು, ಹೋಗ್ಲಿ ಬಿಡು. ಸೀರಿ ತೋರಸು ಅವರಿಗೆ."

"ಬಿಡು ಅಂದ್ರ?" ಈಗ ಹನುಮವ್ವನೇ ಕೇಳಿದಳು. ಧ್ವನಿ ಗಟ್ಟಿಯಾಗಿತ್ತು. "ನಾಳೆ ಬಂದ್ರ ಮತ್ತ ಬೊಬ್ಬಿ ಹೊಡೀತೈತಿ ನಿಮ್ಮ ಯಂತ್ರ. ಇಷ್ಟು ಮಂದಿ ಮುಂದ ಕಳ್ಳಿ ಅಂದ್ರಿ. ಅಷ್ಟೂ ಮಂದಿ ಮುಂದ ತಪ್ಪಾತು ಅನ್ನರಿ. ಆಮ್ಯಾಲೆ ನನ್ನ ಮುಖಾ ಅದರಾಗಿಂದ ಅಳಸ್ರಿ."

ಅಳಿಸುವುದು ಶಶಿಕಾಂತನಿಗೆ ಬರುತ್ತಿರಲಿಲ್ಲ. ಫೋನಿನಲ್ಲಿ ಕಂಪನಿಯವನು ನಾಳೆ ನೋಡೋಣ ಎಂದ. ಹನುಮವ್ವ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಳು. ಏಂಜೆಲಿನಾ ಅವಳ ಪಕ್ಕದಲ್ಲಿ ಕೂತಳು. ಹಬ್ಬದ ವ್ಯಾಪಾರ ಇಬ್ಬರನ್ನೂ ದಾಟಿಕೊಂಡು ಪಕ್ಕದ ಅಂಗಡಿಗೆ ಹೋಗತೊಡಗಿದಾಗ ಕಂಪನಿಯವನು ಬೈಕಿನಲ್ಲಿ ಧಾವಿಸಿ ಬಂದು ಅವಳ ಮುಖ ಅಳಿಸಿದ. ಶಶಿಕಾಂತ ಎಲ್ಲರೆದುರು "ತಪ್ಪಾತ್ರಿ ಅಕ್ಕಾರ" ಎಂದ. ಹನುಮವ್ವ ಸೀರೆ ಮಾತ್ರ ಅಲ್ಲಿ ಕೊಳ್ಳಲಿಲ್ಲ. ಏಂಜೆಲಿನಾಳ ಗಲ್ಲ ಸವರಿ ಇಳಿದು ಹೋದಳು.

"ಗಿರಾಕಿ ಮುಖಾ ಗೊತ್ತಾಗದಾಕಿನ ಹೆಂಗ ಇಟ್ಕೊಳ್ಳಿ?" ಎಂದ ಶಶಿಕಾಂತ.

"ಎಂಟು ವರ್ಷ ಹೆಂಗ ಇಟ್ಕೊಂಡಿದ್ರಿ ಹಂಗ. ಬ್ಯಾಡ ಅನಸಿದ್ರ ಈಗಿಂದೀಗ ಹೇಳ್ರಿ."

ಅವನು ಗೊಣಗುತ್ತ ಗಲ್ಲಾದ ಕಡೆ ಹೋದ.

ಮರುದಿನ ಬೆಳಿಗ್ಗೆ ಮೊದಲ ಗಿರಾಕಿ ಸಪ್ಪಳವಿಲ್ಲದೆ ಬಂದು, ಪರಿಚಯದ ನಗು ನಗುತ್ತ ಗಾದಿಯ ಮೇಲೆ ಕೂತಳು. ಏಂಜೆಲಿನಾ ನೇರವಾಗಿ ಹೇಳಿದಳು: "ನನಗ ಮುಖಾ ಗುರುತು ಹತ್ತಂಗಿಲ್ರಿ. ನಿಮ್ಮ ಹೆಸರು ಹೇಳ್ರಿ."

ಆ ಹೆಂಗಸಿನ ನಗು ಆರಿತು. ಮೋರೆ ತಿರುವಿ ಎದ್ದು ಹೋದಳು. ಗಲ್ಲಾದಿಂದ ಶಶಿಕಾಂತ ಗುರುಗುಟ್ಟಿದ. ಆದರೂ ಮುಂದಿನವಳು ಬಂದಾಗ ಏಂಜೆಲಿನಾ ಅದೇ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದಳು.