ತೊಗಲ ಜೋಲಿಯ ಎರಡು ಕರುಗಳು

ರಾತ್ರಿ ಹುಟ್ಟಿದ ಕರುವನ್ನು ಬೆಳಗ್ಗೆ ಕೊಲ್ಲಬೇಕು. ಟೆಕ್ಸಾಸಿನಿಂದ ಕ್ಯಾನ್ಸಸ್‌ನ ರೈಲು ನಿಲ್ದಾಣದವರೆಗೆ ದನ ಹೊಡೆದುಕೊಂಡು ಹೋಗುವವರ ಕಾನೂನು ಇದು. ಎಳಗರು ದಿನಕ್ಕೆ ಹನ್ನೆರಡು ಮೈಲಿ ನಡೆಯಲಾರದು, ಮಂದೆ ಅದಕ್ಕಾಗಿ ನಿಲ್ಲದು. ಹುಟ್ಟಿದ್ದೇ ಅದರ ತಪ್ಪು! ಮಂದೆಯ ಹಿಂದೆ ಧೂಳು ತಿನ್ನುತ್ತ ಬರುವವನು ನಾನು, ಹಾಗಾಗಿ ಗುಂಡು ಹೊಡೆಯುವ ಕೆಲಸವೂ ನನ್ನದೇ. ಒಂಬತ್ತು ಕರು ಕೊಂದಿದ್ದೆ. ಅವತ್ತು ಮತ್ತೆರಡು ಹುಟ್ಟಿದ್ದವು.

ಮುಖಂಡ ಟೋಲಿವರನ ಕಾಲ ಬುಡಕ್ಕೆ ಪಿಸ್ತೂಲು ಎಸೆದೆ.

“ನಾನು ಹೊಡೆಯಲ್ಲ ಧಣಿ. ಬೇಕಾದ್ರೆ ನೀವೇ ಹೊಡೀರಿ.”

“ಓಹೋ! ಬಾಸಿಲಿಯೊ ಸಾಹೇಬ್ರಿಗೆ ಸಿಟ್ಟು ಬಂತು. ಹಾಗಾದ್ರೆ ಹೊತ್ಕೊಂಡು ನಡಿ.”

“ಅಡುಗೆ ಗಾಡೀಲಿ ಹಾಕ್ತೀನಿ.”

ಅಡುಗೆಯ ಆಬ್ನರ್ ಸೌಟು ಹಿಡಿದೇ ಬಂದ. “ನನ್ನ ಹಿಟ್ಟಿನ ಮೇಲೆ ಸಗಣಿ ಹಾಕಿಸ್ತೀಯೇನೋ? ಗಾಡಿ ಕೆಳಗೆ ಸೌದೆ ತುಂಬೋ ತೊಗಲಿನ ಜೋಲಿ ಇದೆ, ಅಲ್ಲಿ ಹಾಕು.”

ಟೋಲಿವರ್ ಮೀಸೆ ತಿರುವಿದ. “ಸಂಜೆ ತಾಯಿ ಹಾಲು ಕೊಟ್ರೆ ಸರಿ. ಕೊಡದಿದ್ರೆ ನನ್ನೆದುರಿಗೇ ನೀನೇ ಹೊಡೀಬೇಕು.”

“ಆಯ್ತು.”

ದಿನವೆಲ್ಲ ಎರಡೂ ಜೋಲಿಯಿಂದ ಮೂತಿ ಹೊರಗೆ ಹಾಕಿ ತೂಗಾಡುತ್ತ ಬಂದವು. ಅವತ್ತಿನ ಧೂಳೂ ರುಚಿಯಾಗಿತ್ತು.

ಸಂಜೆ ಬಿಳಿ ಹಣೆಯ ಕರುವನ್ನು ಅದರ ತಾಯಿಯಾದ ಕೆಂಪು ಹಸುವಿನ ಮುಂದೆ ನಿಲ್ಲಿಸಿದೆ. ಅದು ಮೂಸಿತು, ಬುಸುಗುಟ್ಟಿ ಒದ್ದುಬಿಟ್ಟಿತು. ಇನ್ನೊಂದು ಹಸುವೂ ತನ್ನ ಕರುವಿಗೆ ಹಾಗೇ ಮಾಡಿತು.

“ಥೂ ಪೆದ್ದ!” ಆಬ್ನರ್ ಹಣೆ ಬಡಿದುಕೊಂಡ. “ಎರಡನ್ನೂ ಒಟ್ಟಿಗೆ ತುರುಕಿದ್ಯಾ? ಮೈಗೆ ಮೈ ತಿಕ್ಕಿ ವಾಸನೆ ಬೆರೆತುಹೋಗಿದೆ. ತಾಯಿ ಗುರುತು ಹಿಡಿಯೋದು ಮೂಗಲ್ಲಿ ಕಣೋ!”

“ಬೆಳಗ್ಗೆ ಹೇಳೋಕೇನಾಗಿತ್ತು ನಿಂಗೆ?”

“ನೀನು ಕೇಳಿದ್ರೆ ತಾನೇ?”

ಟೋಲಿವರ್ ನನ್ನ ಕೈಗೆ ಪಿಸ್ತೂಲು ಚಾಚಿದ. ನನ್ನ ಮೈ ಉರಿಯಿತು. ವಾಸನೆ ಬೇಕಾ? ವಾಸನೆಯನ್ನೇ ಕೊಡ್ತೀನಿ!

“ಹಗ್ಗ ಹಾಕ್ರೋ! ಕೆಂಪೀನ ಕೆಡವ್ರೋ!”

“ಇದರ ಹಾಲು ಕರೆದು ಬದುಕಿದವನು ಇನ್ನೂ ಹುಟ್ಟಿಲ್ಲ ಕಣೋ!” ಎಂದು ನಗುತ್ತಲೇ ನಾಲ್ವರು ದನಗಾಹಿಗಳು ಅದನ್ನು ಕೆಡವಿ ಮೇಲೆ ಕೂತರು. ಒಂದೊಂದು ಕೊಂಬೂ ನನ್ನ ತೋಳಿಗಿಂತ ಉದ್ದ. ಟೊಪ್ಪಿಯೊಳಗೆ ಕರೆದೆ. ಅರ್ಧ ಟೊಪ್ಪಿಗೆ, ಅರ್ಧ ನನ್ನ ಮುಖಕ್ಕೆ. ಅದರದೇ ವಾಸನೆಯ ಆ ಹಾಲನ್ನು ಕರುವಿನ ಮೂತಿಯಿಂದ ಬಾಲದವರೆಗೆ ಬಳಿದು, “ಬಿಡ್ರೋ!” ಎಂದೆ.

ಕೆಂಪಿ ಎದ್ದಿತು. ಅದಕ್ಕೆ ಮೊದಲು ಕಂಡವನು ಟೋಲಿವರ್. ಅವನು ಪಿಸ್ತೂಲು ಬಿಸಾಕಿ, ಚಕ್ರ ಹತ್ತಿ, ಗಾಡಿಯ ಹಿಟ್ಟಿನ ಮೂಟೆಗಳ ಮೇಲೆ ಬಿದ್ದ. ಹಸು ಚಕ್ರಕ್ಕೊಮ್ಮೆ ಗುದ್ದಿ ತಿರುಗಿತು. ಕರು ನಡುಗುವ ಕಾಲಲ್ಲಿ ನಿಂತಿತ್ತು. ಹಸು ಮೂಸಿತು. ಮತ್ತೆ ಮೂಸಿತು.

ನಾಲಿಗೆ ಹೊರಗೆ ಬಂತು. ಮೂತಿ ನೆಕ್ಕಿತು, ಬೆನ್ನು ನೆಕ್ಕಿತು. ಕರು ತಲೆಯಲ್ಲಿ ಕೆಚ್ಚಲು ಗುಮ್ಮಿತು.

“ಕುಡೀತಾ ಇದೆ ಕಣ್ರೋ! ಕುಡೀತಾ ಇದೆ!”

ಹಾಗೆ ಕಿರುಚಿದವನು ಟೋಲಿವರ್. ಮೀಸೆಯೆಲ್ಲ ಹಿಟ್ಟು.

“ಇಳೀರಿ ಧಣಿ,” ಎಂದೆ.

“ನಂಗೇನು ಹುಚ್ಚಾ? ಇನ್ನೊಂದಕ್ಕೂ ಹಗ್ಗ ಹಾಕ್ರಿ. ಇಲ್ಲಿಂದ ಚೆನ್ನಾಗಿ ಕಾಣ್ತದೆ.”

ಎಲ್ಲರೂ ಕೇಕೆ ಹಾಕಿದರು. ನಾನು ಟೊಪ್ಪಿ ಕೊಡವಿ ಎರಡನೆಯ ಹಸುವಿನತ್ತ ಓಡಿದೆ.