ಉಪ್ಪು ಹಾಕಿದ ಐಸು

ಎಂಬತ್ತನಾಲ್ಕರ ಬೇಸಿಗೆಯಲ್ಲಿ ಬೆಂಗಳೂರಿನಿಂದ ಡಾಕ್ಟರ್ ವಿರೂಪಾಕ್ಷಮ್ಮ ಬಂದರು. ಲಸಿಕೆ ತಯಾರಾಗುವ ಜಾಗದಿಂದ ಹಳ್ಳಿಯ ಕೂಸಿನವರೆಗೆ ತಂಪು ಕೆಡದೆ ಮುಟ್ಟುವುದು ಹೇಗೆ ಎಂಬುದು ಅವರ ಸಂಶೋಧನೆ. ನಾನು ಆಸ್ಪತ್ರೆಯ ಜವಾನ. ಗಂಗಾವತಿಯಿಂದ ಹುಲಿಹೈದರಕ್ಕೆ ಬಸ್ಸಿನಲ್ಲಿ ಲಸಿಕೆ ಒಯ್ಯುತ್ತಿದ್ದೆ. ಅದಕ್ಕೆಂದೇ ಬಡಿಗೇರ ಕೊಟ್ರಬಸಪ್ಪ ಎರಡು ಗೋಡೆಯ ಕಟ್ಟಿಗೆ ಪೆಟ್ಟಿಗೆ ಮಾಡಿ, ನಡುವೆ ಕಾರಟಗಿ ಮಿಲ್ಲಿನ ಭತ್ತದ ಹೊಟ್ಟು ತುಂಬಿದ್ದ.

“ಮೂರು ಸಲ ಒಯ್ದು ನೋಡೋಣ,” ಎಂದರು ಡಾಕ್ಟರು. “ಮೂರೂ ಸಲ ಔಷಧ ಕೆಡದಿದ್ದರೆ ದಿಲ್ಲಿಯಿಂದ ಅನುದಾನ ಬರುತ್ತೆ. ಇಂಥವೇ ಇನ್ನೂರು ಪೆಟ್ಟಿಗೆ ನಿಮ್ಮ ಕೊಟ್ರಬಸಪ್ಪನೇ ಮಾಡಬಹುದು. ಒಂದು ನೆನಪಿಡಿ, ನಾಯಿಕೆಮ್ಮಿಗೆ ಹಾಕುವ ಈ ಡಿಪಿಟಿ ಲಸಿಕೆ ಹೆಪ್ಪುಗಟ್ಟಬಾರದು. ಗಟ್ಟಿಯಾಗಿ ಕರಗಿದರೆ ಅದರಲ್ಲಿ ಶಕ್ತಿ ಉಳಿಯಲ್ಲ.”

ಎರಡು ಸಲ ಸುಸೂತ್ರವಾಯಿತು. ಮೂರನೆಯ ಬುಧವಾರ ಐಸ್ ಫ್ಯಾಕ್ಟರಿಯ ಮುಂದೆ ಕೊಟ್ರಬಸಪ್ಪ ಐಸಿನ ಮೇಲೆ ಏನೋ ಉದುರಿಸುತ್ತಿದ್ದ.

“ಏನೋ ಅದು?”

“ಉಪ್ಪು ಮಾವ. ಕುಲ್ಫಿ ಮಾರೋರು ಹಾಕ್ತಾರಲ್ಲ, ಹಂಗ. ಬಿಸಲು ಭಾಳ ಐತಿ. ತಂಪು ಹೆಚ್ಚಾದ್ರ ಯಾರರ ಬೈತಾರೇನು?”

ನನಗೂ ಸರಿಯೆನ್ನಿಸಿತು. ಬಸ್ಸು ಹತ್ತಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ.

“ಕನಕಪ್ಪ, ಹೊಸಾ ಸೊಸಿನ್ನ ಕರಕೊಂಡು ಹೊಂಟಂಗ ಹೊಂಟೀಯಲ್ಲೋ,” ಎಂದ ಕಂಡಕ್ಟರ್. “ಕೆಳಗಿಡು, ಓಡಿ ಹೋಗಂಗಿಲ್ಲ.”

ಹುಲಿಹೈದರದ ಶಾಲೆಯ ಕಟ್ಟೆಯ ಮೇಲೆ ತಾಯಂದಿರು ಆಗಲೇ ಸೇರಿದ್ದರು. ಡಾಕ್ಟರ ಜೀಪು ಇನ್ನೂ ಬಂದಿರಲಿಲ್ಲ. ಮುಚ್ಚಳ ತೆಗೆದು ನೋಡಿದೆ. ಸೀಸೆಗಳೊಳಗೆ ಔಷಧ ಬಿಳಿ ಕಲ್ಲಾಗಿತ್ತು. ಒಂದೊಂದನ್ನೇ ಮುಷ್ಟಿಯಲ್ಲಿ ಹಿಡಿದು ಕರಗಿಸಿದೆ. ಕರಗಿತು ನಿಜ, ಆದರೆ ಒಡೆದ ಹಾಲಿನಂತೆ ಚೂರುಚೂರಾಗಿ ತಳಕ್ಕಿಳಿಯಿತು.

ಅಷ್ಟರಲ್ಲಿ ಡಾಕ್ಟರೂ ಕೊಟ್ರಬಸಪ್ಪನೂ ಜೀಪಿನಿಂದ ಇಳಿದರು. ಮುಚ್ಚಳ ತೆರೆದೇ ಇದ್ದುದರಿಂದ ಪೆಟ್ಟಿಗೆಯೊಳಗಿನ ಥರ್ಮಾಮೀಟರಿನ ಪಾದರಸ ಸೊನ್ನೆ ದಾಟಿ, ಇರಬೇಕಾದ ಹಾಗೆ ಮೂರು ಡಿಗ್ರಿಗೇರಿತ್ತು. ಐಸು ಹಾಗೇ ಇತ್ತು.

“ಭೇಷ್! ಇದೂ ಪಾಸು,” ಎಂದು ಡಾಕ್ಟರು ಬರೆದುಕೊಂಡರು. ಕೊಟ್ರಬಸಪ್ಪ ನನ್ನ ಬೆನ್ನಿಗೊಂದು ಗುದ್ದಿದ.

ಸಾಲಿನಲ್ಲಿ ಮೊದಲಿಗಳು ಹಂಪವ್ವ. ಹಿಂದಿನ ವರ್ಷ ನಾಯಿಕೆಮ್ಮಿನಲ್ಲಿ ಹಿರಿಮಗಳನ್ನು ಕಳೆದುಕೊಂಡವಳು. ಚಿಕ್ಕ ಕೂಸಿನ ಅಂಗಿ ಎತ್ತಿ ಹಿಡಿದು ಕಾದಿದ್ದಳು.

“ಅಮ್ಮಾರ, ಬರೀಬ್ಯಾಡ್ರಿ,” ಎಂದೆ. “ಉಪ್ಪು ಹಾಕೀವ್ರಿ. ಔಷಧ ಗಟ್ಟಿಯಾಗಿತ್ತು. ನಾನ ಕರಗಿಸೀನಿ.”

ಡಾಕ್ಟರು ಸೀಸೆಯನ್ನು ಅಲುಗಾಡಿಸಿ ಬೆಳಕಿಗೆ ಹಿಡಿದರು. ತಳಕ್ಕಿಳಿದ ಚೂರು ನೋಡಿ, ಬರೆದದ್ದನ್ನು ಹೊಡೆದುಹಾಕಿದರು. “ಈ ವರ್ಷದ ಅನುದಾನಕ್ಕೆ ಇನ್ನು ಕೇಳೋಕಾಗಲ್ಲ, ಕನಕಪ್ಪ.”

“ನಿನ್ನ ಬಾಯಿಗೆ ಮೊದಲ ಒಂದು ಮೊಳಿ ಹೊಡೀಬೇಕಿತ್ತು ನಾನು,” ಎಂದು ಕೊಟ್ರಬಸಪ್ಪ ಕಟ್ಟೆಯಿಂದ ಇಳಿದು ಹೋದ.

“ಸೂಜಿ ಇಲ್ಲೇನ್ರಿ?” ಹಂಪವ್ವ ಕೇಳಿದಳು. “ಕೂಲಿ ಬಿಟ್ಟು ಬಂದೀನಿ.”

“ಔಷಧ ಕೆಟ್ಟೈತವ್ವ. ತಪ್ಪು ನಮ್ದು. ಮುಂದಿನ ಬುಧವಾರ ಬಾ,” ಎಂದೆ.

“ಬರಲಾರ್ದ ಏನ್ಮಾಡ್ಲಿ,” ಎನ್ನುತ್ತ ಕೂಸಿನ ಅಂಗಿ ಇಳಿಸಿದಳು.

ಮುಂದಿನ ಬುಧವಾರ ಉಪ್ಪಿಲ್ಲದೆ, ಸೀಸೆಗೂ ಐಸಿಗೂ ನಡುವೆ ದಪ್ಪ ಟವೆಲು ಮಡಚಿಟ್ಟು ಒಯ್ದೆ. ಹಂಪವ್ವನ ಕೂಸು ಓಣಿಗೆಲ್ಲ ಕೇಳುವಂತೆ ಅತ್ತಿತು.

ಅನುದಾನ ಬೇರೆ ಜಿಲ್ಲೆಯವರ ಪೆಟ್ಟಿಗೆಗೆ ಹೋಯಿತು. ಕೊಟ್ರಬಸಪ್ಪ ನನ್ನನ್ನು ಕಂಡರೆ ರಸ್ತೆ ದಾಟುತ್ತಿದ್ದ. ದೀಪಾವಳಿ ಕಳೆದ ಮೇಲೆ ಒಂದು ಬುಧವಾರ ಬಸ್ ನಿಲ್ದಾಣದಲ್ಲಿ ಅಡ್ಡ ಬಂದು ನಿಂತ.

“ಪೆಟಗಿ ಮುಚ್ಚಳದ ಬಿಜಾಗರಿ ಸಡಲೈತಿ. ಹಿಂಗ ಹೊತಗೊಂಡು ತಿರುಗಿ ನನ್ನ ಹೆಸರು ಕೆಡಸ್ತಿ. ಕೊಡು ಇಲ್ಲಿ.”

ಕೊಟ್ಟೆ. ಬಸ್ಸು ಹೊರಡಲು ಇನ್ನೂ ಹೊತ್ತಿತ್ತು.