ಸೊನ್ನೆ ಪಾಯಿಂಟ್ ಎಂಬತ್ತನಾಲ್ಕು

ನೆಲಮಂಗಲದ ಲಾರಿ ಗ್ಯಾರೇಜೊಂದರಿಂದ ಏಳು ಬ್ರೇಕ್ ವಾಲ್ವ್‌ಗಳು ವಾಪಸ್ ಬಂದಿದ್ದವು. ಗಾಳಿ ಸೋರುತ್ತದೆ ಎಂಬುದು ದೂರು. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿದ್ದ ಕಾರ್ಖಾನೆಯ ಟೆಸ್ಟ್ ಎಂಜಿನಿಯರ್ ಪ್ರಮೋದಾ ಏಳನ್ನೂ ಒಂದೊಂದಾಗಿ ಟೆಸ್ಟ್ ಬೆಂಚಿಗೆ ಕೂರಿಸಿ ನೋಡಿದಳು. ಏಳೂ ಪಾಸು. ಪರದೆಯ ಮೇಲೆ ಏಳು ಸಲ ಹಸಿರು ಬಂತು.

"ಮೇಡಂ, ಇಲ್ಲಿ ನೋಡಿ," ಎಂದಳು ಆಪರೇಟರ್ ಪವಿತ್ರ. ಅವಳು ಒಂದು ವಾಲ್ವಿಗೆ ಗಾಳಿಯ ಪೈಪು ಸಿಕ್ಕಿಸಿ ಬಕೆಟ್ಟಿನ ಸೋಪಿನ ನೀರಿನಲ್ಲಿ ಮುಳುಗಿಸಿದ್ದಳು. ಸಣ್ಣ ಗುಳ್ಳೆಗಳು ಸಾಲಾಗಿ ಮೇಲೇರುತ್ತಿದ್ದವು. "ಬೆಂಚು ಪಾಸ್ ಅಂತೈತೆ, ನೀರು ಫೇಲ್ ಅಂತೈತೆ. ಯಾವ್ದನ್ನ ನಂಬೋದು?"

ಮೂರು ವಾರದಿಂದ ಪ್ರಮೋದಾಳಿಗೆ ಒಂದು ಭಾನುವಾರವೂ ರಜೆ ಸಿಕ್ಕಿರಲಿಲ್ಲ. ಇದೊಂದು ಇವತ್ತೇ ಬರಬೇಕಿತ್ತೇ ಅನ್ನಿಸಿತು. ಆದರೂ ಕುರ್ಚಿ ಬಿಟ್ಟು ಎದ್ದು, ಬೆಂಚಿನ ಹಿಂದೆ ಬಗ್ಗಿ ನೋಡಿದಳು. ಸೋರುವ ಗಾಳಿಯನ್ನು ಅಳೆಯುವ ಮೀಟರಿಗೆ ತನ್ನದೇ ಪುಟ್ಟ ಪರದೆಯಿತ್ತು. ಅದರಲ್ಲಿ 10.6 ಎಂದಿತ್ತು. ಮೇಲೆ ಕಂಪ್ಯೂಟರಿನಲ್ಲಿ 8.9. ಹತ್ತು ದಾಟಿದರೆ ಫೇಲ್ ಆಗಬೇಕು.

ಮೀಟರು ವರ್ಷಕ್ಕೊಮ್ಮೆ ಲ್ಯಾಬಿಗೆ ಹೋಗಿ, ಸರಿಯಿದೆ ಎಂಬ ಚೀಟಿ ಅಂಟಿಸಿಕೊಂಡು ಬರುತ್ತಿತ್ತು. ಮೀಟರಿಗೂ ಕಂಪ್ಯೂಟರಿಗೂ ನಡುವೆ ಏನಾಗುತ್ತದೆಂದು ಮಾತ್ರ ಯಾರೂ ನೋಡಿರಲಿಲ್ಲ. ನೋಡಬೇಕಾದವಳು ಅವಳೇ.

ಆ ಬೆಂಚನ್ನು ನಡೆಸುವ ಪ್ರೋಗ್ರಾಂ ಸಾಲುಸಾಲಾಗಿ ಬರೆದದ್ದಲ್ಲ, ಚಿತ್ರವಾಗಿ ಬಿಡಿಸಿದ್ದು. ಒಂದೊಂದು ಕೆಲಸಕ್ಕೆ ಒಂದೊಂದು ಡಬ್ಬಿ, ಡಬ್ಬಿಯಿಂದ ಡಬ್ಬಿಗೆ ಬಣ್ಣದ ತಂತಿ. ಎಡದಿಂದ ಮೀಟರಿನ ಅಳತೆ ಹೊರಡುತ್ತದೆ, ಬಲಕ್ಕೆ ಹೋಗಿ ಪಾಸೋ ಫೇಲೋ ಆಗುತ್ತದೆ. ಇದನ್ನು ಬಿಡಿಸಿದವರು ಮೂರು ವರ್ಷದ ಹಿಂದೆ ನಿವೃತ್ತರಾದ ಪಾಪಯ್ಯ. ಐಟಿಐ ಓದಿದ್ದ ಅವರು ತಾವೇ ಕುಳಿತು ಕಲಿತವರು. ಪ್ರಮೋದಾಳಿಗೆ ಕೆಲಸ ಕಲಿಸಿದವರೂ ಅವರೇ. ಅವರ ತಂತಿಗಳು ಒಂದರ ಮೇಲೊಂದು ಹಾಯುತ್ತಿರಲಿಲ್ಲ. ಅಷ್ಟು ಚೊಕ್ಕ ಕೆಲಸವನ್ನು ಅನುಮಾನಿಸುವುದು ಅವಳಿಗೆ ಎಂದೂ ಹೊಳೆದಿರಲಿಲ್ಲ.

ಒಂದು ಡಬ್ಬಿ ತೆರೆದರೆ ಒಳಗೆ ಇನ್ನೊಂದು ಡಬ್ಬಿ. ಅದರೊಳಗೆ ಮತ್ತೊಂದು. ಮೂರನೆಯದರಲ್ಲಿ, ತಂತಿಯ ನಡುವೆ ಒಂದು ಗುಣಾಕಾರದ ಗುರುತು, ಪಕ್ಕದಲ್ಲಿ ಒಂದು ಸಂಖ್ಯೆ: 0.84. ಏಕೆ, ಏನು ಎಂದು ಒಂದಕ್ಷರ ವಿವರಣೆಯಿರಲಿಲ್ಲ.

ಅವಳು ಕಣ್ಣುಜ್ಜಿಕೊಂಡಳು. ಕೋಪ ಬರಬೇಕಿತ್ತು. ಬಂದದ್ದು ಮೈಯೆಲ್ಲ ಸೋತುಹೋದಂಥ ಭಾವ.

ಸಂಜೆ ಶಿಫ್ಟ್ ಮುಗಿಸಿ ಸ್ಕೂಟರಿನಲ್ಲಿ ರಾಜಘಟ್ಟಕ್ಕೆ ಹೋದಳು. ಪಾಪಯ್ಯ ಹಟ್ಟಿಯ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಹೆಂಡತಿ ಮುತ್ಯಾಲಮ್ಮ ಕುರ್ಚಿ ತಂದಿಟ್ಟು ಕಾಫಿಗೆಂದು ಒಳಗೆ ಹೋದರು.

"ಏನಮ್ಮಾ, ಮಖ ಇಷ್ಟೊಂದು ಬಾಡೋಗೈತೆ?"

"ಸರ್, ಅಳತೆಯನ್ನ ಸೊನ್ನೆ ಪಾಯಿಂಟ್ ಎಂಬತ್ತನಾಲ್ಕರಿಂದ ಗುಣಿಸಿದೀರಲ್ಲ, ಯಾಕೆ?"

ಪಾಪಯ್ಯ ಹುಲ್ಲಿನ ಕಂತೆ ಕೆಳಗಿಟ್ಟರು. ತಡಮಾಡದೆ ಹೇಳಿದರು. "ಹಳೇ ಮೀಟರ್ ಜಾಸ್ತಿ ತೋರಿಸ್ತಿತ್ತು ಕಣಮ್ಮ. ಒಂದ್ಸಲ ಮಳೆ ನೀರು ನುಗ್ಗಿ ಕೆಟ್ಟಿತ್ತು. ಹತ್ತು ಇದ್ರೆ ಹನ್ನೆರಡು ಅನ್ನೋದು. ಒಳ್ಳೇ ವಾಲ್ವ್‌ಗಳೆಲ್ಲ ಫೇಲಾಗೋವು. ಹೊಸಾದು ತರ್ಸಿ ಅಂದ್ರೆ ತರಿಸ್ಲಿಲ್ಲ. ಲ್ಯಾಬಿಂದ ಒಂದು ಮೀಟರ್ ಈಸ್ಕಂಬಂದು, ಎರಡು ದಿನ ಎರಡನ್ನೂ ತಾಳೆ ನೋಡಿ ಆ ಲೆಕ್ಕ ಹಾಕ್ದೆ. ಹೊಸ ಮೀಟರ್ ಬಂದ ದಿನ ಇದನ್ನ ತೆಗೀಬೇಕು ಅಂತ ನೀಲಿ ರಿಜಿಸ್ಟರಲ್ಲಿ ಬರ್ದಿಟ್ಟಿದೀನಲ್ಲ."

ಪ್ರಮೋದಾ ತಲೆ ತಗ್ಗಿಸಿದಳು.

"ಯಾಕೆ, ಮೀಟರ್ ಬದಲಾಯ್ಸಿದ್ರಾ?"

"ಎರಡು ವರ್ಷ ಆಯ್ತು ಸರ್."

"ಯಾರು ಹಾಕಿದ್ದು?"

"ನಾನೇ."

ನೀಲಿ ರಿಜಿಸ್ಟರುಗಳನ್ನು, ಇನ್ನು ಎಲ್ಲ ಕಂಪ್ಯೂಟರಿನಲ್ಲೇ ಎಂದು ಕಟ್ಟಿ ಸ್ಟೋರಿಗೆ ಕಳಿಸಿದವಳೂ ಅವಳೇ. ಒಂದನ್ನೂ ತೆರೆದು ನೋಡಿರಲಿಲ್ಲ.

"ಆ ಚಿತ್ರದ ಮೇಲೇ ಒಂದು ಸಾಲು ಬರೀಬೋದಿತ್ತಲ್ಲ ಸರ್," ಎಂದಳು. ದನಿಯಲ್ಲಿ ದೂರು ಉಳಿದಿರಲಿಲ್ಲ.

ಪಾಪಯ್ಯ ಕೈಯ ಧೂಳು ಒರೆಸಿಕೊಂಡರು. "ಬರೀಬೋದಿತ್ತು. ಅದ್ರಲ್ಲಿ ಎಲ್ರೂ ಇಂಗ್ಲಿಷಲ್ಲೇ ಬರೀತಿದ್ರು. ನನ್ನ ಸ್ಪೆಲ್ಲಿಂಗ್ ನೋಡಿ ನಗ್ತಾರೆ ಅಂತ ಬರೀಲಿಲ್ಲ. ರಿಜಿಸ್ಟರಾದ್ರೆ ಕನ್ನಡದಲ್ಲಿ ಬರ್ಕಳೋದು." ಹುಲ್ಲಿನ ಕಂತೆ ಮತ್ತೆ ಎತ್ತಿಕೊಂಡು, "ರಿಪೋರ್ಟಲ್ಲಿ ನನ್ನ ಹೆಸರು ಹಾಕ್ಬಿಡಮ್ಮ. ನಂದೇನು, ರಿಟೈರ್ ಆಗಿದೀನಿ. ನಿಂದಿನ್ನೂ ನೌಕರಿ ಇದೆ," ಎಂದರು.

ಕಾಫಿ ಬಂತು. ಕುಡಿದು ಎದ್ದಳು.

ಮರುದಿನ ಬೆಳಿಗ್ಗೆ ಸ್ಟೋರಿನಲ್ಲಿ ಒಂದು ಗಂಟೆ ಹುಡುಕಿದ ಮೇಲೆ ಆ ಪುಟ ಸಿಕ್ಕಿತು. ದುಂಡಗಿನ ಅಕ್ಷರದಲ್ಲಿ, ತಾರೀಖಿನ ಸಮೇತ, ಅವರು ಹೇಳಿದಂತೆಯೇ ಇತ್ತು. ಅದರ ಫೋಟೊ ತೆಗೆದು ವರದಿಗೆ ಸೇರಿಸಿ, ಮ್ಯಾನೇಜರ್ ಜಯಕುಮಾರ್ ಅವರ ಮುಂದಿಟ್ಟಳು.

ಅವರು ಮೊದಲ ಪುಟವನ್ನು ಎರಡು ಸಲ ಓದಿದರು. "ಇವತ್ತಿಂದ ಆ ನಂಬರ್ ತೆಗೆದುಬಿಡಿ. ಹಳೇದನ್ನ ಯಾಕೆ ಕೆದಕ್ತೀರ?"

"ಲಾರಿ ಬ್ರೇಕ್ ಸರ್ ಅವು."

"ಸ್ವಲ್ಪ ಸೋರುತ್ತೆ ಅಷ್ಟೆ. ಬ್ರೇಕ್ ಹಿಡಿಯಲ್ಲ ಅಂತೇನಿಲ್ಲವಲ್ಲ."

"ರಾತ್ರಿ ನಿಲ್ಲಿಸಿದ ಲಾರಿಯ ಬ್ರೇಕಿನ ಗಾಳಿ ಟ್ಯಾಂಕು ಬೆಳಿಗ್ಗೆಗೆ ಅರ್ಧ ಖಾಲಿ. ಡ್ರೈವರ್ ಗಮನಿಸದೆ ಇಳಿಜಾರಲ್ಲಿ ಗಾಡಿ ತೆಗೆದ್ರೆ?"

"ಪ್ರಮೋದಾ, ಮೀಟರ್ ಬದಲಾಯಿಸಿದ್ದು ನೀವು. ಇದು ನಿಮ್ಮ ತಲೆಗೇ ಬರುತ್ತೆ."

"ಗೊತ್ತು ಸರ್. ಎರಡನೇ ಪುಟದಲ್ಲಿ ಬರೆದಿದೀನಿ."

ಜಯಕುಮಾರ್ ಪುಟ ತಿರುವಿದರು. ಪಾಪಯ್ಯನವರ ಬಗ್ಗೆ ಅಲ್ಲಿದ್ದದ್ದು ಒಂದೇ ವಾಕ್ಯ: ಮಾಡಿದ ದಿನಕ್ಕೆ ಆ ತಿದ್ದುಪಡಿ ಸರಿಯಾಗಿತ್ತು, ದಾಖಲೂ ಆಗಿತ್ತು. ಓದಿ ಮುಗಿಸಿ ಜಯಕುಮಾರ್ ಫೋನ್ ಎತ್ತಿಕೊಂಡು ಮೇಲಿನವರಿಗೆ ಕರೆ ಮಾಡಿದರು.

ಪ್ರತಿ ವಾಲ್ವಿನ ನಂಬರೂ ಅಳತೆಯೂ ಕಂಪ್ಯೂಟರಿನಲ್ಲಿ ಉಳಿದಿದ್ದವು. ಎರಡು ವರ್ಷದ ಅಳತೆಗಳನ್ನೆಲ್ಲ ಮತ್ತೆ ಲೆಕ್ಕಹಾಕಿದಾಗ, ಪಾಸಾಗಬಾರದಾಗಿದ್ದವು ಮುನ್ನೂರ ಹನ್ನೊಂದು. ಗ್ರಾಹಕರಿಗೆ ಪತ್ರ ಹೋಯಿತು. ನಾಲ್ಕು ದಿನ ತಯಾರಿಕೆಯ ಲೈನು ನಿಂತಿತು. ಪ್ರಮೋದಾಳಿಗೆ ಎಚ್ಚರಿಕೆಯ ಪತ್ರ ಬಂತು. ಸಹಿ ಹಾಕಿ ತೆಗೆದುಕೊಂಡಳು. ಜಯಕುಮಾರ್ ಆಮೇಲೆ ಅವಳೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದರು.

ಒಂದು ತಿಂಗಳು ವಾಲ್ವ್‌ಗಳು ಪೆಟ್ಟಿಗೆಗಳಲ್ಲಿ ವಾಪಸ್ ಬರುತ್ತಲೇ ಇದ್ದವು. ಅವಳೂ ಪವಿತ್ರಳೂ ಒಂದೊಂದನ್ನೇ ಬೆಂಚಿಗೆ ಹಾಕಿ, ನೀರಲ್ಲಿ ಮುಳುಗಿಸಿ, ಪಟ್ಟಿಯಲ್ಲಿ ಗುರುತು ಹಾಕಿದರು. ಮೂವತ್ತೇಳು ಬರಲೇ ಇಲ್ಲ. ಯಾವ ರಸ್ತೆಯಲ್ಲಿ, ಯಾವ ಲಾರಿಯಲ್ಲಿವೆಯೋ. ಪ್ರತಿ ಸೋಮವಾರ ಅವಳು ಡೀಲರುಗಳಿಗೆ ಫೋನ್ ಮಾಡುತ್ತಿದ್ದಳು. ಕೆಲವರು ಕೇಳಿಸಿಕೊಳ್ಳುತ್ತಿದ್ದರು, ಕೆಲವರು ಇಟ್ಟುಬಿಡುತ್ತಿದ್ದರು.

ನಡುನಡುವೆ ಪ್ರೋಗ್ರಾಮಿನ ಅರವತ್ತಮೂರು ಡಬ್ಬಿಗಳನ್ನೂ ತೆರೆದು ನೋಡಿದಳು. ವಿವರಣೆಯಿಲ್ಲದ ಸಂಖ್ಯೆ ಇನ್ನೆರಡು ಸಿಕ್ಕವು. ಪಾಪಯ್ಯನವರಿಗೆ ಫೋನ್ ಮಾಡಿದಳು. ಒಂದನ್ನು ಅವರು ಕೂಡಲೇ ಹೇಳಿದರು. ಇನ್ನೊಂದಕ್ಕೆ ಬಹಳ ಹೊತ್ತು ಯೋಚಿಸಿ, "ನೆನಪಾಗ್ತಿಲ್ಲ ಕಣಮ್ಮ," ಎಂದರು.

"ಪರವಾಗಿಲ್ಲ ಸರ್, ಅಳೆದು ನೋಡ್ತೀನಿ."

ಅದಕ್ಕೆ ಎರಡು ದಿನ ಹಿಡಿಯಿತು. ಸಂಖ್ಯೆ ಸರಿಯಾಗಿಯೇ ಇತ್ತು. ಅದು ಏಕಿದೆಯೆಂದು ಆ ಚಿತ್ರದ ಮೇಲೇ ಬರೆದಿಟ್ಟು, ಕಂಪ್ಯೂಟರ್ ಆರಿಸಿ, ಐದೂವರೆಯ ಕಂಪನಿ ಬಸ್ಸು ಹತ್ತಿದಳು. ಕೂತ ಹತ್ತು ನಿಮಿಷಕ್ಕೇ ನಿದ್ದೆ ಹತ್ತಿತು. ಅವಳ ಸ್ಟಾಪ್ ಬಂದಾಗ ಪವಿತ್ರ ಭುಜ ಅಲುಗಿಸಿ ಎಬ್ಬಿಸಬೇಕಾಯಿತು.